ಆರಾಧನೆ ಮುಗಿದ ಮೇಲೆ ಅರ್ಧ ಗಂಟೆ

ಸ್ಕಾಟ್ಲೆಂಡಿನ ಪರ್ತ್‌ಶೈರಿನಲ್ಲಿ, ಕ್ರೀಫ್ ಪಟ್ಟಣದಿಂದ ಕೆಲವೇ ಮೈಲಿ ದೂರದಲ್ಲಿ, ಇನ್ನರ್‌ಪೆಫ್ರೆ ಎಂಬ ಜಾಗವಿದೆ. ಊರು ಎನ್ನಲು ಬೇಕಾದಷ್ಟು ಮನೆಗಳೂ ಅಲ್ಲಿಲ್ಲ. ಹಳೆಯದೊಂದು ಪ್ರಾರ್ಥನಾಲಯ, ಸುತ್ತ ಸಮಾಧಿಗಳು, ಪಕ್ಕದಲ್ಲೊಂದು ಕಟ್ಟಡ, ಅಷ್ಟೆ. 1680ರ ಸುಮಾರಿಗೆ ಅಲ್ಲಿನ ಜಮೀನ್ದಾರ, ಮೂರನೆಯ ಲಾರ್ಡ್ ಮ್ಯಾಡರ್ಟಿ ಎನಿಸಿದ್ದ ಡೇವಿಡ್ ಡ್ರಮಂಡ್, ತನ್ನ ಮನೆಯ ಸುಮಾರು 400 ಪುಸ್ತಕಗಳನ್ನು ಆ ಪ್ರಾರ್ಥನಾಲಯದ ಅಟ್ಟಕ್ಕೆ ಸಾಗಿಸಿ, ಸುತ್ತಲಿನ ಜನ ಓದಿಕೊಳ್ಳಲಿ ಎಂದು ಬಿಟ್ಟುಕೊಟ್ಟ. ಉಯಿಲು ಬರೆಯುವಾಗ ಗ್ರಂಥಾಲಯದ ಹೆಸರಿಗೆ 5000 ಮೆರ್ಕ್ ಹಣವನ್ನೂ ಇಟ್ಟ. ಪುಸ್ತಕಗಳನ್ನು ಸುಸ್ಥಿತಿಯಲ್ಲಿಡಲು ಒಂದು ಪಾಲು, ಅವುಗಳನ್ನು ನೋಡಿಕೊಳ್ಳುವವನ ಸಂಬಳಕ್ಕೆ ಇನ್ನೊಂದು ಪಾಲು.

ಸ್ಕಾಟ್ಲೆಂಡಿನ ಮೊದಲ ಉಚಿತ ಎರವಲು ಗ್ರಂಥಾಲಯ ಎಂದು ಹೆಸರಾದದ್ದು ಇದೇ. ಇಲ್ಲಿನ ಎರವಲು ವಹಿ 1747ರಿಂದ 1968ರವರೆಗೆ, ಇನ್ನೂರು ವರ್ಷಕ್ಕೂ ಮೇಲ್ಪಟ್ಟು, ಉಳಿದು ಬಂದಿದೆ. ಅದರಲ್ಲಿ ಓದುಗರ ಹೆಸರಿನ ಜೊತೆಗೆ ಹಲವೆಡೆ ಊರು, ಉದ್ಯೋಗಗಳೂ ಇವೆ. ಪಾದ್ರಿಗಳು, ಶಾಲಾ ಮೇಷ್ಟರುಗಳು, ವಿದ್ಯಾರ್ಥಿಗಳು ಇರುವುದು ಸಹಜ. ಅವರ ನಡುವೆಯೇ ನೇಕಾರರು, ಕಮ್ಮಾರರು, ಕಲ್ಲುಕುಟಿಗರು, ಬಣ್ಣ ಹಾಕುವವರು, ಮನೆಗೆಲಸದ ಆಳುಗಳೂ ಇದ್ದಾರೆ. ಅವರು ಒಯ್ದದ್ದು ಧರ್ಮಬೋಧೆಯ ಸಂಪುಟಗಳನ್ನು ಮಾತ್ರವಲ್ಲ. ಇತಿಹಾಸ, ಪ್ರವಾಸ, ನಿಸರ್ಗವಿಜ್ಞಾನದ ಪುಸ್ತಕಗಳನ್ನೂ ಒಯ್ದರು. ಹದಿನೆಂಟನೆಯ ಶತಮಾನದ ಸಾಮಾನ್ಯ ಓದುಗ ಏನು ಓದುತ್ತಿದ್ದ ಎಂದು ಹುಡುಕುವ ಇತಿಹಾಸಕಾರರಿಗೆ ಈ ವಹಿ ದೊಡ್ಡ ಆಕರ.

ಇಂಥ ಔದಾರ್ಯ ತೋರಿದ ಜಮೀನ್ದಾರರು ಆ ಕಾಲದಲ್ಲಿ ಬೇರೆಯವರೂ ಇದ್ದರು. ಅವರಲ್ಲಿ ಹಲವರ ಪುಸ್ತಕಗಳು ಈಗ ಎಲ್ಲಿವೆಯೋ ಯಾರಿಗೂ ಗೊತ್ತಿಲ್ಲ. ಇನ್ನರ್‌ಪೆಫ್ರೆ ಉಳಿದದ್ದಕ್ಕೆ ಕಾರಣ ಅದರ ಪುಸ್ತಕಗಳ ಬೆಲೆಯಲ್ಲ. ಅಲ್ಲಿ ಬಾಗಿಲು ತೆರೆಯಲು ಒಬ್ಬ ಮನುಷ್ಯನಿದ್ದ, ಬರೆದಿಡಲು ಒಂದು ವಹಿಯಿತ್ತು. ಇಂದು ಚರ್ಚಿನ ಆವರಣದಲ್ಲಿ ಪುಟ್ಟ ಗ್ರಂಥಾಲಯ ತೆರೆಯಲು ಹೊರಡುವ ಸಭೆಗಳು ಮೊದಲು ಕಪಾಟಿನ ಬೆಲೆ ವಿಚಾರಿಸುತ್ತವೆ, ಆಮೇಲೆ ಪುಸ್ತಕ ದಾನ ಕೇಳುತ್ತವೆ. ಕುಳಿತುಕೊಳ್ಳುವವರು ಯಾರು ಎಂಬ ಪ್ರಶ್ನೆ ಬರುವುದು ಉದ್ಘಾಟನೆ ಮುಗಿದ ಮೇಲೆ.

ಸರಪಳಿಯಿಂದ ವಹಿಗೆ

ಕ್ರೈಸ್ತ ಪರಂಪರೆಯಲ್ಲಿ ಪುಸ್ತಕ ಎರವಲು ಕೊಡುವ ಪದ್ಧತಿ ಮಠಗಳಷ್ಟೇ ಹಳೆಯದು. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತನ್ನ ಸನ್ಯಾಸಿಗಳಿಗೆ ಬರೆದ ನಿಯಮಾವಳಿಯ 48ನೆಯ ಅಧ್ಯಾಯ, ತಪಸ್ಸುಕಾಲದ ಆರಂಭದಲ್ಲಿ ಪ್ರತಿಯೊಬ್ಬನೂ ಗ್ರಂಥಾಲಯದಿಂದ ಒಂದು ಪುಸ್ತಕ ಪಡೆದು ಅದನ್ನು ಮೊದಲಿಂದ ಕೊನೆಯವರೆಗೆ ಓದಬೇಕೆಂದು ವಿಧಿಸುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಲ್ಯಾನ್‌ಫ್ರಾಂಕ್ ಇದನ್ನೊಂದು ಲೆಕ್ಕಪರಿಶೋಧನೆಯನ್ನಾಗಿಯೇ ಮಾಡಿದ. ವರ್ಷಕ್ಕೊಮ್ಮೆ ಗ್ರಂಥಪಾಲಕ ಎರವಲು ಹೋಗದ ಪುಸ್ತಕಗಳನ್ನೆಲ್ಲ ಜಮಖಾನದ ಮೇಲೆ ಹರಡುತ್ತಿದ್ದ. ಹೋದ ವರ್ಷ ಯಾರು ಯಾವುದನ್ನು ಒಯ್ದಿದ್ದರೆಂಬ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಹೆಸರು ಕೂಗಿದಾಗ ಎದ್ದು ಬಂದು ಪುಸ್ತಕ ಒಪ್ಪಿಸಬೇಕು. ಓದಿ ಮುಗಿಸದವನು ಎಲ್ಲರೆದುರು ಅಡ್ಡಬಿದ್ದು ಕ್ಷಮೆ ಕೇಳಬೇಕು.

ಕೆಲವು ಮಠಗಳು ಪುಸ್ತಕವನ್ನು ಹೊರಗಿನವರಿಗೆ ಕೊಡುವುದಿಲ್ಲವೆಂದು ಹಟ ಹಿಡಿದವು. 1212ರ ಪ್ಯಾರಿಸ್ ಧರ್ಮಸಭೆ ಅದಕ್ಕೆ ತಡೆಯೊಡ್ಡಿತು. ಅಗತ್ಯವಿದ್ದವರಿಗೆ ಪುಸ್ತಕ ಎರವಲು ಕೊಡುವುದು ಕರುಣೆಯ ಮುಖ್ಯ ಕಾರ್ಯಗಳಲ್ಲಿ ಒಂದು, ಆದ್ದರಿಂದ ನಿರಾಕರಿಸಬಾರದು ಎಂಬುದು ಸಭೆಯ ನಿಲುವು. ಹಸಿದವನಿಗೆ ಅನ್ನ, ಬತ್ತಲಿದ್ದವನಿಗೆ ಬಟ್ಟೆ ಎನ್ನುವ ಸಾಲಿನಲ್ಲಿ ಪುಸ್ತಕಕ್ಕೂ ಜಾಗ ಸಿಕ್ಕಿತು.

ಆದರೂ ಕಳೆದುಹೋಗುವ ಭಯ ಸುಲಭಕ್ಕೆ ಹೋಗುವಂಥದ್ದಲ್ಲ. ಇಂಗ್ಲೆಂಡಿನ ಗ್ರಾಂಥಮ್‌ನ ಸಂತ ವುಲ್ಫ್ರಮ್ ಚರ್ಚಿನ ದಕ್ಷಿಣ ದ್ವಾರದ ಮೇಲಿನ ಕೋಣೆಯಲ್ಲಿ 1598ರಲ್ಲಿ ಫ್ರಾನ್ಸಿಸ್ ಟ್ರಿಗ್ ಎಂಬ ಪಾದ್ರಿ ಸ್ಥಾಪಿಸಿದ ಗ್ರಂಥಾಲಯ ಈಗಲೂ ಇದೆ. ಪಾದ್ರಿಗಳಿಗಲ್ಲದೆ ಪಟ್ಟಣದ ನಿವಾಸಿಗಳಿಗೂ ಅದು ತೆರೆದಿತ್ತು. ಆದರೆ ಪುಸ್ತಕಗಳನ್ನು ಕಬ್ಬಿಣದ ಸರಪಳಿಯಿಂದ ಕಪಾಟಿಗೆ ಬಿಗಿದಿದ್ದರು. ಎಂಬತ್ತಕ್ಕೂ ಹೆಚ್ಚು ಸಂಪುಟಗಳ ಸರಪಳಿ ಇಂದಿಗೂ ಉಳಿದಿದೆ. ವಿಂಬೋರ್ನ್ ಮಿನ್‌ಸ್ಟರ್, ಹೆರೆಫರ್ಡ್ ಕ್ಯಾಥೆಡ್ರಲ್‌ಗಳಲ್ಲೂ ಇಂಥ ಸಂಗ್ರಹಗಳಿವೆ. ಓದಬಹುದು, ಆದರೆ ನಿಂತಲ್ಲೇ ಓದಬೇಕು.

ಈ ಸರಪಳಿಗಳು ನಮ್ಮವರೊಬ್ಬರ ಗಮನವನ್ನೂ ಸೆಳೆದಿದ್ದವು. ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ಅಡಿಪಾಯ ಹಾಕಿ, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್.ಆರ್. ರಂಗನಾಥನ್ 1931ರಲ್ಲಿ ತಮ್ಮ ಪ್ರಸಿದ್ಧ ಪಂಚಸೂತ್ರಗಳ ಗ್ರಂಥ ಪ್ರಕಟಿಸಿದರು. ಪುಸ್ತಕ ಇರುವುದು ಬಳಕೆಗೆ ಎಂಬ ಮೊದಲ ಸೂತ್ರವನ್ನು ವಿವರಿಸುವಾಗ ಅವರು ಎತ್ತಿಕೊಂಡದ್ದು ಸರಪಳಿ ತೊಟ್ಟ ಪುಸ್ತಕಗಳ ಉದಾಹರಣೆಯನ್ನೇ. ಕಬ್ಬಿಣದ ಸರಪಳಿ ಹೋದರೂ ಕಾಯ್ದಿಡುವ ಚಟ ಹೋಗುವುದಿಲ್ಲ ಎಂಬುದು ಅವರ ದೂರು.

ಸರಪಳಿಯನ್ನು ದೊಡ್ಡ ಪ್ರಮಾಣದಲ್ಲಿ ಕಳಚಲು ಹೊರಟವನು ಥಾಮಸ್ ಬ್ರೇ ಎಂಬ ಆಂಗ್ಲಿಕನ್ ಪಾದ್ರಿ. ಅಮೆರಿಕದ ಮೇರಿಲ್ಯಾಂಡ್ ವಸಾಹತಿಗೆ ಪಾದ್ರಿಗಳನ್ನು ಹುಡುಕುವ ಕೆಲಸ 1690ರ ದಶಕದಲ್ಲಿ ಅವನ ಪಾಲಿಗೆ ಬಂತು. ಅಷ್ಟು ದೂರ ಹೋಗಲು ಒಪ್ಪುತ್ತಿದ್ದವರು ಪುಸ್ತಕ ಕೊಳ್ಳಲು ಕಾಸಿಲ್ಲದ ಬಡ ಪಾದ್ರಿಗಳೇ. ಹಾಗಾದರೆ ಪ್ರತಿ ಚರ್ಚಿಗೂ ಒಂದು ಗ್ರಂಥಾಲಯವನ್ನೇ ಕಳಿಸೋಣ ಎಂದು ಬ್ರೇ ಯೋಜನೆ ಹಾಕಿದ. ಅನಾಪೊಲಿಸ್‌ಗೆ ಸಾವಿರಕ್ಕೂ ಹೆಚ್ಚು ಸಂಪುಟಗಳು ಹೋದವು. ಪಾದ್ರಿಗಳಿಗೆಂದು ಒಂದು ಸಂಗ್ರಹ, ಸಾಮಾನ್ಯ ಸಭಿಕರು ಮನೆಗೊಯ್ಯಲೆಂದು ಬೇರೊಂದು ಸಂಗ್ರಹ ಎಂಬ ವಿಂಗಡಣೆಯನ್ನೂ ಅವನು ಮಾಡಿದ್ದ. 1698ರಲ್ಲಿ ಬ್ರೇ ಮತ್ತು ಗೆಳೆಯರು ಕಟ್ಟಿದ ಎಸ್‌ಪಿಸಿಕೆ (ಕ್ರೈಸ್ತ ಜ್ಞಾನ ಪ್ರಸಾರ ಸಂಘ) ಸಂಸ್ಥೆಯೇ ಮುಂದೆ ನಮ್ಮ ತರಂಗಂಬಾಡಿಯ ಮಿಷನರಿಗಳಿಗೆ ಮುದ್ರಣಯಂತ್ರ ಕಳಿಸಿದ್ದು.

ಬ್ರೇಯ ಒತ್ತಾಸೆಯಿಂದ 1708ರಲ್ಲಿ ಬ್ರಿಟನ್ನಿನ ಸಂಸತ್ತು ಇಂಗ್ಲೆಂಡಿನ ಚರ್ಚ್ ಗ್ರಂಥಾಲಯಗಳ ರಕ್ಷಣೆಗೆಂದೇ ಒಂದು ಕಾಯಿದೆ ಮಾಡಿತು. ಅದರ ವಿವರಗಳನ್ನು ಇಂದಿನ ಯಾವುದೇ ಪಾಲನಾ ಮಂಡಳಿ ಓದಿ ಕಲಿಯಬಹುದು. ಹೊಸದಾಗಿ ಬಂದ ಪಾದ್ರಿ ಪುಸ್ತಕಗಳ ಪಟ್ಟಿ ಮಾಡಿ ಸಹಿ ಹಾಕಿ ಮೇಲಧಿಕಾರಿಗೆ ಒಪ್ಪಿಸಬೇಕು. ದಾನಿಗಳ ಹೆಸರು ವಹಿಯಲ್ಲಿ ದಾಖಲಾಗಬೇಕು. ಪಾದ್ರಿ ತೀರಿಕೊಂಡರೆ ಚರ್ಚಿನ ಪಾರುಪತ್ಯಗಾರರು ತಕ್ಷಣ ಗ್ರಂಥಾಲಯಕ್ಕೆ ಬೀಗ ಹಾಕಬೇಕು. ಇಲ್ಲದಿದ್ದರೆ ಅವನ ಸ್ವಂತ ಸಾಮಾನಿನ ಜೊತೆ ಚರ್ಚಿನ ಪುಸ್ತಕಗಳೂ ಗಾಡಿ ಹತ್ತುತ್ತಿದ್ದವು. ಅಧಿಕಾರಿಯ ಒಪ್ಪಿಗೆ ಇಲ್ಲದೆ ಯಾವ ಪುಸ್ತಕವನ್ನೂ ಮಾರುವಂತಿಲ್ಲ.

ಕಾಯಿದೆ ಇದ್ದರೂ ಆ ಗ್ರಂಥಾಲಯಗಳಲ್ಲಿ ಬಹಳಷ್ಟು ಚದುರಿಹೋದವು. ಕೆಲವು ಹರಾಜಾದವು, ಕೆಲವು ಗೋಪುರದ ಕೋಣೆಗಳಲ್ಲಿ ತೇವ ಹಿಡಿದು ಕೊಳೆತವು. ಪಾದ್ರಿ ಬದಲಾದಾಗ ಮುಂದುವರಿಸುವವರು ಇಲ್ಲದ್ದೇ ಹೆಚ್ಚಿನ ಕಡೆ ಕಾರಣ. ಇನ್ನರ್‌ಪೆಫ್ರೆಯ ಡ್ರಮಂಡ್ ಅದನ್ನು ಮೊದಲೇ ಊಹಿಸಿ ಸಂಬಳಕ್ಕೆ ಹಣವಿಟ್ಟಿದ್ದ.

ಜರ್ಮನಿಯ ಹಳ್ಳಿಗಳಲ್ಲಿ

ಸಂಬಳವಿಲ್ಲದೆಯೂ ಇದು ನಡೆಯಬಲ್ಲದೆಂಬುದಕ್ಕೆ ಜರ್ಮನಿ ಸಾಕ್ಷಿ. 1844ರಲ್ಲಿ ಬಾನ್ ನಗರದಲ್ಲಿ ಹುಟ್ಟಿದ ಬೊರೋಮೇಯುಸ್ ಸಂಘ, ಮಿಲಾನಿನ ಕಾರ್ಡಿನಲ್ ಸಂತ ಚಾರ್ಲ್ಸ್ ಬೊರೋಮಿಯೊ ಹೆಸರಿನಲ್ಲಿ, ಕ್ಯಾಥೋಲಿಕ್ ಕುಟುಂಬಗಳಿಗೆ ಒಳ್ಳೆಯ ಪುಸ್ತಕ ತಲುಪಿಸಲು ಹೊರಟಿತು. ಕ್ರಮೇಣ ಧರ್ಮಕೇಂದ್ರಗಳಲ್ಲೇ ಗ್ರಂಥಾಲಯಗಳು ಎದ್ದವು. ಬವೇರಿಯಾದಲ್ಲಿ ಇದೇ ಕೆಲಸಕ್ಕೆ ಸಂತ ಮೈಕೇಲನ ಹೆಸರಿನ ಇನ್ನೊಂದು ಸಂಘವಿದೆ. ಪ್ರೊಟೆಸ್ಟಂಟ್ ಸಭೆಗಳದ್ದೂ ಪ್ರತ್ಯೇಕ ಜಾಲವಿದೆ. ಇವುಗಳನ್ನು ನಡೆಸುವವರಲ್ಲಿ ಬಹುಪಾಲು ಸ್ವಯಂಸೇವಕರು. ಸಂಘ ಅವರಿಗೆ ತರಬೇತಿ ಕೊಡುತ್ತದೆ, ಪುಸ್ತಕ ವಿಮರ್ಶೆಗಳನ್ನು ಕಳಿಸುತ್ತದೆ. ಧರ್ಮಪ್ರಾಂತ್ಯ ಮತ್ತು ಸ್ಥಳೀಯ ಪುರಸಭೆಗಳ ನೆರವೂ ಇರುತ್ತದೆ.

ಅನೇಕ ಹಳ್ಳಿಗಳಲ್ಲಿ ಬೇರೆ ಗ್ರಂಥಾಲಯವೇ ಇಲ್ಲ. ಹಾಗಾಗಿ ಚರ್ಚಿಗೆ ಕಾಲಿಡದವರೂ ಇಲ್ಲಿಗೆ ಬರುತ್ತಾರೆ, ಪತ್ತೇದಾರಿ ಕಾದಂಬರಿ ಒಯ್ಯುತ್ತಾರೆ, ಮಕ್ಕಳಿಗೆ ಚಿತ್ರಪುಸ್ತಕ ಹುಡುಕುತ್ತಾರೆ. ಶಿಶುವಿಹಾರದ ಮಕ್ಕಳಿಗೆಂದು ಒಂದು ಸೊಗಸಾದ ಕಾರ್ಯಕ್ರಮವಿದೆ. ಮಕ್ಕಳು ಗುಂಪಾಗಿ ಕೆಲವು ಸಲ ಗ್ರಂಥಾಲಯಕ್ಕೆ ಬಂದು ಕಥೆ ಕೇಳುತ್ತಾರೆ, ಪುಸ್ತಕ ಹುಡುಕಿ ಎರವಲು ಪಡೆಯುವುದನ್ನು ಕಲಿಯುತ್ತಾರೆ. ಕೊನೆಗೆ ಅವರಿಗೆ ‘ಗ್ರಂಥಾಲಯ ಚಾಲನಾ ಪರವಾನಗಿ’ ಕೊಡುತ್ತಾರೆ. ಬೊರೋಮಿಯೊ ಹಬ್ಬ ನವೆಂಬರ್ 4ಕ್ಕೆ. ಅದರ ಆಸುಪಾಸಿನ ಭಾನುವಾರ ಪುಸ್ತಕದ ಭಾನುವಾರವಾಗಿ ಆಚರಣೆಯಾಗುತ್ತದೆ.

ನಮ್ಮ ಕಪಾಟುಗಳಲ್ಲಿ ಏನಿದೆ

ಕರ್ನಾಟಕದ ಚರ್ಚುಗಳಿಗೆ ಪುಸ್ತಕದ ನಂಟು ಹೊಸದೇನಲ್ಲ. ಬಳ್ಳಾರಿಯಲ್ಲಿ 1810ರಲ್ಲಿ ನೆಲೆಸಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲ್ ಅನುವಾದಕ್ಕೆ ತೊಡಗಿದ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1841ರಲ್ಲಿ ಕಲ್ಲಚ್ಚು ಮುದ್ರಣ ಶುರುಮಾಡಿತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಸಂಪಾದಕತ್ವದಲ್ಲಿ ‘ಮಂಗಳೂರ ಸಮಾಚಾರ’ ಹೊರಬಂತು. 1886ರಲ್ಲಿ ಮ್ಯಾನರ್‌ನ ತುಳು ನಿಘಂಟು, 1894ರಲ್ಲಿ ಕಿಟ್ಟೆಲ್ ನಿಘಂಟು ಬಂದದ್ದೂ ಇದೇ ಮುದ್ರಣಾಲಯದಿಂದ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ಗ್ರಂಥಭಂಡಾರದಲ್ಲಿ ಈ ಪರಂಪರೆಯ ಅಪರೂಪದ ಪ್ರತಿಗಳಿವೆ. ಅಂಥ ಹಲವು ಹಳೆಯ ಕನ್ನಡ, ತುಳು ಪುಸ್ತಕಗಳ ಡಿಜಿಟಲ್ ಪ್ರತಿಗಳನ್ನು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ ತನ್ನ ಗುಂಡರ್ಟ್ ಪೋರ್ಟಲ್‌ನಲ್ಲಿ ಎಲ್ಲರಿಗೂ ತೆರೆದಿಟ್ಟಿದೆ.

ಕೊಂಕಣಿ ಕ್ಯಾಥೋಲಿಕರದ್ದು ಇನ್ನೊಂದು ಧಾರೆ. ಥಾಮಸ್ ಸ್ಟೀಫನ್ಸ್ ಎಂಬ ಜೆಸ್ವಿಟ್ ಪಾದ್ರಿಯ ‘ಕ್ರಿಸ್ತಪುರಾಣ’ 1616ರಲ್ಲಿ ಗೋವೆಯಲ್ಲಿ ಅಚ್ಚಾಯಿತು. ಆ ಕಾಲದ ಮುದ್ರಿತ ಪ್ರತಿ ಒಂದೂ ಸಿಕ್ಕಿಲ್ಲ. ಆದರೆ ಮಂಗಳೂರು ಸೀಮೆಯ ಮನೆಗಳಲ್ಲಿ ಜನ ಅದನ್ನು ಕೈಯಿಂದ ನಕಲು ಮಾಡಿ, ಓದಿ, ಹಾಡಿ ಉಳಿಸಿಕೊಂಡಿದ್ದರು. ಆ ಹಸ್ತಪ್ರತಿಗಳ ಆಧಾರದಿಂದ ಜೋಸೆಫ್ ಸಲ್ಡಾನ್ಹ 1907ರಲ್ಲಿ ಮಂಗಳೂರಿನಲ್ಲಿ ಅದನ್ನು ಮತ್ತೆ ಪ್ರಕಟಿಸಿದರು. ಅಚ್ಚಿನ ಪ್ರತಿಗಳು ನಾಶವಾದ ಕಡೆ ಕೈಯಿಂದ ಕೈಗೆ ದಾಟಿದ ಪ್ರತಿಗಳು ಬದುಕಿದವು. 1912ರ ‘ಕೊಂಕ್ಣಿ ದಿರ್ವೆಂ’, 1938ರಿಂದ ಬರುತ್ತಿರುವ ‘ರಾಕ್ಣೊ’ ಪತ್ರಿಕೆಗಳು ಕನ್ನಡ ಲಿಪಿಯಲ್ಲೇ ಕೊಂಕಣಿ ಓದುವ ಒಂದು ದೊಡ್ಡ ಬಳಗವನ್ನು ಬೆಳೆಸಿದವು.

ಇಷ್ಟೆಲ್ಲ ಇದ್ದೂ ಸಾಮಾನ್ಯ ಧರ್ಮಕೇಂದ್ರವೊಂದರಲ್ಲಿ ‘ಗ್ರಂಥಾಲಯ’ ಎಂಬ ಹಲಗೆಯ ಕೆಳಗೆ ಕಾಣಸಿಗುವುದು ಬಹುತೇಕ ಗುರುಗಳ ಕೋಣೆಯಲ್ಲೋ ಸಭಾಭವನದ ಮೂಲೆಯಲ್ಲೋ ಇರುವ ಒಂದು ಕಬ್ಬಿಣದ ಕಪಾಟು. ಒಳಗೆ ಬಣ್ಣ ಮಾಸಿದ ವ್ಯಾಖ್ಯಾನ ಗ್ರಂಥಗಳು, ಯಾರೋ ಮನೆ ಬದಲಾಯಿಸುವಾಗ ಕೊಟ್ಟ ವಿಶ್ವಕೋಶದ ಬಿಡಿ ಸಂಪುಟಗಳು, ಜುಬಿಲಿ ಸಂಚಿಕೆಗಳ ಕಟ್ಟು, ಹಳೆಯ ಹಾಡಿನ ಪುಸ್ತಕಗಳು. ಬೀಗದ ಕೈ ಒಬ್ಬರ ಮನೆಯಲ್ಲಿ. ಅವರು ಆ ವಾರ ಮದುವೆಗೆಂದು ಮುಂಬೈಗೆ ಹೋಗಿರುತ್ತಾರೆ.

ಅರ್ಧ ಗಂಟೆಯ ಕೆಲಸ

ಚರ್ಚಿನ ಗ್ರಂಥಾಲಯಕ್ಕೆ ಊರಿನ ಗ್ರಂಥಾಲಯಕ್ಕಿಲ್ಲದ ಒಂದು ಅನುಕೂಲವಿದೆ. ಓದುಗರು ವಾರಕ್ಕೊಮ್ಮೆ ತಾವಾಗಿಯೇ ಬರುತ್ತಾರೆ. ಪೂಜೆಯೋ ಆರಾಧನೆಯೋ ಮುಗಿದ ಮೇಲೆ ಅಂಗಳದಲ್ಲಿ ನಿಂತು ಮಾತಾಡುತ್ತಾರೆ, ಮಕ್ಕಳ ಸಂಡೆ ಸ್ಕೂಲ್ ಬಿಡುವವರೆಗೆ ಕಾಯುತ್ತಾರೆ. ಗ್ರಂಥಾಲಯ ಆ ಅರ್ಧ ಗಂಟೆಯಲ್ಲಿ, ಆ ದಾರಿಯಲ್ಲೇ ಇರಬೇಕು. ಮೊದಲ ಮಹಡಿಯ ಕೋಣೆಗಿಂತ ಚಹಾ ಕೊಡುವ ಮೇಜಿನ ಪಕ್ಕದ ವರಾಂಡಾ ಒಳ್ಳೆಯದು. ಗಾಲಿಯಿರುವ ಕಪಾಟಾದರೆ ಆರಾಧನೆ ಮುಗಿದೊಡನೆ ಹೊರಗೆ ತಳ್ಳಿ ತಂದು, ಆಮೇಲೆ ಒಳಗಿಡಬಹುದು.

ಜನ ಎಂದರೆ ಇಬ್ಬರು ಮೂವರು ಸಾಕು, ಆದರೆ ಸರದಿ ಬರೆದಿಟ್ಟಿರಬೇಕು. ಒಬ್ಬರೇ ಹೊತ್ತರೆ ಅವರ ಉತ್ಸಾಹ ಕುಂದಿದ ದಿನ ಗ್ರಂಥಾಲಯವೂ ಮುಚ್ಚುತ್ತದೆ. ನಿವೃತ್ತ ಶಿಕ್ಷಕಿ, ಕಾಲೇಜು ಹುಡುಗ, ಸ್ತ್ರೀ ಸಂಘದ ಒಬ್ಬ ಸದಸ್ಯೆ ಸೇರಿದರೆ ಒಳ್ಳೆಯ ತಂಡ. ಗುರುಗಳು, ಸಭಾಪಾಲಕರು ಕೆಲವು ವರ್ಷಕ್ಕೊಮ್ಮೆ ವರ್ಗವಾಗುತ್ತಾರೆ. ಆದ್ದರಿಂದ ಗ್ರಂಥಾಲಯ ಅವರ ವೈಯಕ್ತಿಕ ಆಸಕ್ತಿಯ ಮೇಲೆ ನಿಲ್ಲದೆ, ಪಾಲನಾ ಮಂಡಳಿಯ ನಡಾವಳಿ ಪುಸ್ತಕದಲ್ಲಿ ದಾಖಲಾದ ಸಮಿತಿಯ ಹೊಣೆಯಾಗಬೇಕು. 1708ರ ಕಾಯಿದೆಯಂತೆ, ಅಧಿಕಾರ ಹಸ್ತಾಂತರದ ದಿನ ಪುಸ್ತಕದ ಪಟ್ಟಿಯೂ ಹಸ್ತಾಂತರವಾಗಲಿ. ಮಕ್ಕಳು ಬರುವ ಜಾಗವಾದ್ದರಿಂದ ಬಾಗಿಲು ತೆರೆದಿರಬೇಕು, ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು.

ಯಾವುದು ಬೇಕು, ಯಾವುದು ಬೇಡ

ಸಣ್ಣ ಗ್ರಂಥಾಲಯವನ್ನು ಕೊಲ್ಲುವುದು ಪುಸ್ತಕದ ಕೊರತೆಗಿಂತ ಹೆಚ್ಚಾಗಿ ದಾನ. ‘ಪುಸ್ತಕ ಕೊಡಿ’ ಎಂದು ಪ್ರಕಟಿಸಿದ ಮರುವಾರವೇ ಹಳೆಯ ಪಠ್ಯಪುಸ್ತಕ, ತೆರಿಗೆ ಕಾನೂನಿನ ಕೈಪಿಡಿ, ಗೆದ್ದಲು ತಿಂದ ವಾರಪತ್ರಿಕೆ ಎಲ್ಲ ಗೋಣಿಚೀಲದಲ್ಲಿ ಬರುತ್ತವೆ. ಬಂದದ್ದನ್ನು ಬೇಡವೆನ್ನಲು ದಾಕ್ಷಿಣ್ಯ. ಇದಕ್ಕೆ ಔಷಧ ಒಂದೇ. ದಾನದ ನಿಯಮವನ್ನು ಮೊದಲೇ ಬರೆದು ಗೋಡೆಗೆ ಅಂಟಿಸುವುದು: ಕೊಟ್ಟ ಪುಸ್ತಕ ಸಮಿತಿಯ ಸ್ವತ್ತು, ಇಟ್ಟುಕೊಳ್ಳುವುದು, ಬೇರೆಯವರಿಗೆ ಕೊಡುವುದು, ಮಾರುವುದು ಸಮಿತಿಗೆ ಬಿಟ್ಟದ್ದು. ಇನ್ನೂ ಉತ್ತಮವೆಂದರೆ ಬೇಕಾದ ಪುಸ್ತಕಗಳ ಪಟ್ಟಿ ಹಾಕಿ ಅದರಲ್ಲೊಂದನ್ನು ಕೊಡಿಸಿ ಎಂದು ಕೇಳುವುದು.

ಇದ್ದದ್ದನ್ನು ತೆಗೆಯುವುದೂ ಅಷ್ಟೇ ಮುಖ್ಯ. ಅಮೆರಿಕದ ಟೆಕ್ಸಾಸ್ ರಾಜ್ಯ ಗ್ರಂಥಾಲಯ 1970ರ ದಶಕದಿಂದ ಸಣ್ಣ ಗ್ರಂಥಾಲಯಗಳಿಗಾಗಿ ಒಂದು ಕೈಪಿಡಿ ಹೊರತರುತ್ತಿದೆ. ಪುಸ್ತಕದಲ್ಲಿನ ಮಾಹಿತಿ ತಪ್ಪಾಗಿದೆಯೆ, ದುರಸ್ತಿಗೆ ಮೀರಿ ಹಾಳಾಗಿದೆಯೆ, ಹೊಸ ಆವೃತ್ತಿ ಬಂದಿದೆಯೆ, ಹುರುಳಿಲ್ಲದ್ದೆ, ಇಲ್ಲಿನ ಓದುಗರಿಗೆ ಸಂಬಂಧಿಸಿದ್ದಲ್ಲವೆ, ಬೇರೆಡೆ ಸುಲಭವಾಗಿ ಸಿಗುತ್ತದೆಯೆ ಎಂಬ ಆರು ಪ್ರಶ್ನೆಗಳನ್ನು ಅದು ಕೇಳಿಸುತ್ತದೆ. ಚರ್ಚಿನ ಮಟ್ಟಿಗೆ ಒಂದು ವಿನಾಯಿತಿ ಬೇಕು. ಊರಿನ ಸಭೆಯ ಜುಬಿಲಿ ಸ್ಮರಣಸಂಚಿಕೆ, ಸ್ಥಳೀಯವಾಗಿ ಅಚ್ಚಾದ ಹಾಡಿನ ಪುಸ್ತಕ, ಹಳೆಯ ಕೊಂಕಣಿ ಪತ್ರಿಕೆ ಎಷ್ಟೇ ಹರಿದಿದ್ದರೂ ರದ್ದಿಗೆ ಹೋಗಬಾರದು. ಅವು ಎರವಲಿಗಲ್ಲ, ಬಲ್ಮಠದಂಥ ಸಂಗ್ರಹಾಗಾರದಲ್ಲಿ ವಿಚಾರಿಸಿ ಒಪ್ಪಿಸಬೇಕಾದವು.

ಆಯ್ಕೆಯ ವಿಷಯಕ್ಕೆ ಬಂದರೆ ಜಗಳ ಖಚಿತ. ರೋಮಿನ ಕ್ಯಾಥೋಲಿಕ್ ಸಭೆ 1559ರಲ್ಲಿ ನಿಷೇಧಿತ ಪುಸ್ತಕಗಳ ಪಟ್ಟಿ ಹೊರಡಿಸಿ, ನಾಲ್ಕು ಶತಮಾನ ಅದನ್ನು ಪರಿಷ್ಕರಿಸುತ್ತ ಬಂದು, ಕೊನೆಗೆ 1966ರಲ್ಲಿ ಕೈಬಿಟ್ಟಿತು. ಪಟ್ಟಿ ಹೋದರೂ ‘ಇಂಥ ಪುಸ್ತಕ ಚರ್ಚಿನಲ್ಲಿ ಇರಬಹುದೆ’ ಎಂಬ ಪ್ರಶ್ನೆ ಯಾವ ಪಂಗಡದಲ್ಲೂ ಹೋಗಿಲ್ಲ. ಮೂವರ ಆಯ್ಕೆ ಸಮಿತಿ ಇದ್ದರೆ ಹೊಣೆ ಒಬ್ಬರ ತಲೆಗೆ ಬೀಳುವುದಿಲ್ಲ. ಆಕ್ಷೇಪವಿದ್ದವರು ಪುಸ್ತಕ ಪೂರ್ತಿ ಓದಿ, ಯಾವ ಪುಟ ಏಕೆ ತಪ್ಪು ಎಂದು ಬರೆದು ಕೊಡಲಿ ಎಂಬ ನಿಯಮ ಇದ್ದರೆ ಅರ್ಧ ಆಕ್ಷೇಪಗಳು ಹುಟ್ಟುವುದೇ ಇಲ್ಲ.

ಬರೀ ಭಕ್ತಿ ಸಾಹಿತ್ಯ ತುಂಬಿದರೆ ಗ್ರಂಥಾಲಯ ಮೂರು ತಿಂಗಳಲ್ಲಿ ನಿಶ್ಶಬ್ದವಾಗುತ್ತದೆ. ಧ್ಯಾನ, ವ್ಯಾಖ್ಯಾನ, ಸಂತರ ಚರಿತ್ರೆಗಳ ಜೊತೆಗೆ ಮಕ್ಕಳ ಕಥೆ, ಕಾದಂಬರಿ, ಆರೋಗ್ಯ, ಪರೀಕ್ಷಾ ಮಾರ್ಗದರ್ಶಿಗಳೂ ಇರಲಿ. ಸಾಗರದ ನಾ. ಡಿಸೋಜರ ‘ದ್ವೀಪ’, ‘ಮುಳುಗಡೆ’ ಇಲ್ಲದ ಕಪಾಟು ಕನ್ನಡದ್ದಾಗಲಾರದು. ಕ್ರಿಸ್ತನ ಕೊನೆಯ ದಿನವನ್ನು ಕಾವ್ಯವಾಗಿಸಿದ ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ಕ್ಕೆ ಮೊದಲ ಸಾಲಿನಲ್ಲೇ ಜಾಗ ಸಲ್ಲಬೇಕು. ಕರಾವಳಿಯಲ್ಲಿ ಕೊಂಕಣಿ, ತುಳು, ಬೆಂಗಳೂರಿನಲ್ಲಿ ತಮಿಳು, ಮಲಯಾಳಂ ಬಲ್ಲ ಸಭಿಕರಿರುತ್ತಾರೆ. ಅಜ್ಜಿಗೊಂದು, ಮೊಮ್ಮಗಳಿಗೊಂದು ಭಾಷೆಯ ಪುಸ್ತಕ ಒಂದೇ ಕಪಾಟಿನಲ್ಲಿ ಸಿಗಬೇಕು.

ಸಂಖ್ಯೆ, ಬಣ್ಣ, ಚೀಟಿ

ಪುಸ್ತಕ ಜೋಡಿಸಲು ಮೆಲ್ವಿಲ್ ಡ್ಯೂಯಿಯ 1876ರ ದಶಮಾಂಶ ವರ್ಗೀಕರಣ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಅದರಲ್ಲಿ ಧರ್ಮಕ್ಕೆ 200ರ ಸರಣಿ. ಆ ಸರಣಿಯ ಬಹುಭಾಗವನ್ನು ಕ್ರೈಸ್ತ ಧರ್ಮಕ್ಕೇ ಕೊಟ್ಟು, ಜಗತ್ತಿನ ಉಳಿದ ಧರ್ಮಗಳನ್ನೆಲ್ಲ 290ರೊಳಗೆ ತುರುಕಿದ್ದಕ್ಕೆ ಗ್ರಂಥಪಾಲಕರು ಡ್ಯೂಯಿಯನ್ನು ಬೈಯುವುದುಂಟು. ಚರ್ಚಿನ ಗ್ರಂಥಾಲಯಕ್ಕೆ ಮಾತ್ರ ಆ ಪಕ್ಷಪಾತ ಅನುಕೂಲವೇ: ಬೈಬಲಿಗೆ 220, ದೈವಶಾಸ್ತ್ರಕ್ಕೆ 230, ಭಕ್ತಿಜೀವನಕ್ಕೆ 240, ಸಭಾ ಇತಿಹಾಸಕ್ಕೆ 270. ಆದರೆ ಐನೂರು ಪುಸ್ತಕಗಳಿಗೆ ಇಷ್ಟೂ ಬೇಡ. ಬೆನ್ನಿನ ಮೇಲೆ ಬಣ್ಣದ ಚುಕ್ಕೆ, ವಿಷಯಕ್ಕೊಂದು ಬಣ್ಣ ಇದ್ದರೆ ಮಕ್ಕಳೂ ಪುಸ್ತಕವನ್ನು ಸರಿಯಾದ ಜಾಗದಲ್ಲಿಡುತ್ತಾರೆ. ಕಂಪ್ಯೂಟರ್ ಬಲ್ಲವರಿದ್ದರೆ ನ್ಯೂಜಿಲೆಂಡಿನಲ್ಲಿ ರೂಪುಗೊಂಡ ‘ಕೋಹಾ’ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಇಲ್ಲವಾದರೆ ಪರಿಗ್ರಹಣ ವಹಿ ಒಂದು ಸಾಕು: ಕ್ರಮಸಂಖ್ಯೆ, ದಿನಾಂಕ, ಹೆಸರು, ಲೇಖಕ, ಕೊಟ್ಟವರು, ಬೆಲೆ.

ಎರವಲನ್ನು ಹೇಗೆ ಬರೆದಿಡಬೇಕು ಎಂಬುದು ನೋಡಲು ಚಿಕ್ಕದು, ಪರಿಣಾಮದಲ್ಲಿ ದೊಡ್ಡದು. ಸಭೆಯೆಂದರೆ ಎಲ್ಲರೂ ಎಲ್ಲರನ್ನೂ ಬಲ್ಲ ಲೋಕ. ಕುಡಿತ ಬಿಡುವುದು ಹೇಗೆಂಬ ಪುಸ್ತಕ, ಖಿನ್ನತೆಯ ಕುರಿತ ಪುಸ್ತಕ, ಮುರಿದ ಮದುವೆಯ ಕುರಿತ ಪುಸ್ತಕ ಒಯ್ದವರ ಹೆಸರು ತೆರೆದ ವಹಿಯಲ್ಲಿದ್ದರೆ, ಅವರ ಹಿಂದೆ ಸಹಿ ಹಾಕಲು ನಿಂತವರು ಅದನ್ನು ಓದುತ್ತಾರೆ. ಮುಂದಿನ ವಾರ ಅಂಥ ಪುಸ್ತಕವನ್ನು ಯಾರೂ ಮುಟ್ಟುವುದಿಲ್ಲ. ಇನ್ನರ್‌ಪೆಫ್ರೆಯ ವಹಿ ಇತಿಹಾಸಕಾರರಿಗೆ ಏಕೆ ಇಷ್ಟವೋ ಅದೇ ಕಾರಣಕ್ಕೆ ಬದುಕಿರುವ ಓದುಗರಿಗೆ ತೊಂದರೆ.

ಇದಕ್ಕೆ ಅಮೆರಿಕದ ಗ್ರಂಥಪಾಲಕಿ ನೀನಾ ಬ್ರೌನ್ 1890ರ ದಶಕದಲ್ಲೇ ದಾರಿ ತೋರಿದ್ದಾರೆ. ಪ್ರತಿ ಪುಸ್ತಕದ ಒಳಗೆ ಒಂದು ಚೀಟಿ. ಪ್ರತಿ ಓದುಗನಿಗೆ ಅವನ ಹೆಸರಿರುವ ಪುಟ್ಟ ಕಾಗದದ ಜೇಬು. ಪುಸ್ತಕ ಕೊಡುವಾಗ ಚೀಟಿಯನ್ನು ಆ ಜೇಬಿಗೆ ಸೇರಿಸಿ, ಮರಳಿಸಬೇಕಾದ ದಿನದ ಹಿಂದೆ ಇಡುವುದು. ಪುಸ್ತಕ ಬಂದ ತಕ್ಷಣ ಚೀಟಿ ಪುಸ್ತಕಕ್ಕೆ, ಜೇಬು ಓದುಗನಿಗೆ. ಯಾರು ಏನು ಓದಿದರು ಎಂಬ ಕುರುಹೇ ಉಳಿಯುವುದಿಲ್ಲ. ಸರ್ಕಾರಿ ಗ್ರಂಥಾಲಯಗಳಲ್ಲಿ ಓದಿ ಬೆಳೆದ ಹಿರಿಯರಿಗೆ ಈ ಪುಟ್ಟ ಟಿಕೆಟ್ಟುಗಳ ನೆನಪಿರುತ್ತದೆ. ರಟ್ಟಿನ ಪೆಟ್ಟಿಗೆ, ಗೋಂದು, ಕತ್ತರಿ ಇದ್ದರೆ ಇಂದಿಗೂ ನಡೆಯುತ್ತದೆ.

ದಂಡ ಹಾಕುವುದು ಬೇಡ. ಷಿಕಾಗೋದ ಸಾರ್ವಜನಿಕ ಗ್ರಂಥಾಲಯ 2019ರಲ್ಲಿ ತಡವಾದ ಪುಸ್ತಕಕ್ಕೆ ದಂಡವನ್ನೇ ತೆಗೆದುಹಾಕಿದಾಗ ಬಹುಕಾಲದಿಂದ ಮನೆಗಳಲ್ಲಿ ಉಳಿದಿದ್ದ ಪುಸ್ತಕಗಳು ದೊಡ್ಡ ಸಂಖ್ಯೆಯಲ್ಲಿ ಮರಳಿದವು. ದಂಡಕ್ಕೆ ಹೆದರಿ ಪುಸ್ತಕ ಬಚ್ಚಿಟ್ಟವನು ಗ್ರಂಥಾಲಯದಿಂದಲೂ ದೂರವಾಗುತ್ತಾನೆ. ಚರ್ಚಿನಲ್ಲಾದರೆ ಆ ಮೂಲೆಯ ಬಾಗಿಲನ್ನೇ ತಪ್ಪಿಸಿ ನಡೆಯುತ್ತಾನೆ. ನಾಲ್ಕು ವಾರದ ಅವಧಿ ಕೊಟ್ಟು, ಗಡುವು ಯಾವಾಗಲೂ ಭಾನುವಾರಕ್ಕೇ ಬೀಳುವಂತೆ ನೋಡಿಕೊಳ್ಳಬೇಕು. ಲ್ಯಾನ್‌ಫ್ರಾಂಕ್‌ನಂತೆ ಹೆಸರು ಕೂಗಬಾರದು; ವೇದಿಕೆಯಿಂದ ಪ್ರಕಟಣೆಯೂ ಬೇಡ. ವಾಟ್ಸ್ಆ್ಯಪ್‌ನಲ್ಲಿ ಒಬ್ಬರಿಗಷ್ಟೇ ಕಾಣುವ ಸಂದೇಶವೋ, ವಾಳೆಯ (ಧರ್ಮಕೇಂದ್ರದ ವಾರ್ಡಿನ) ಮುಖಂಡರಾದ ಗುರ್ಕಾರರ ಮೂಲಕ ಒಂದು ಮೆಲು ಮಾತೋ ಸಾಕು.

ಮಳೆ, ಕಾನೂನು, ಕಾಸು

ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಜೂನ್‌ನಲ್ಲಿ ಮುಚ್ಚಿದ ಕಪಾಟನ್ನು ಸೆಪ್ಟೆಂಬರಿನಲ್ಲಿ ತೆರೆದರೆ ಬಿಳಿ ಬೂಷ್ಟು, ಬೆಳ್ಳಿಮೀನಿನ ಹುಳ. ಕಪಾಟು ಗೋಡೆಗೆ ತಾಗಬಾರದು, ನೆಲದಿಂದ ತುಸು ಎತ್ತರದಲ್ಲಿರಬೇಕು, ಪುಸ್ತಕಗಳನ್ನು ಒತ್ತಿ ತುಂಬಬಾರದು. ಒಣಗಿಸಿದ ಬೇವಿನೆಲೆ, ಸಿಲಿಕಾ ಜೆಲ್ ಪೊಟ್ಟಣ ಸಹಾಯ ಮಾಡುತ್ತವೆ. ಆದರೆ ಗಾಳಿಯಾಡುವುದಕ್ಕಿಂತ ದೊಡ್ಡ ರಕ್ಷಣೆ ಇಲ್ಲ, ಪ್ರತಿ ವಾರ ತೆರೆಯುವ ಕಪಾಟಿಗೆ ಅದು ತಾನಾಗಿ ಸಿಗುತ್ತದೆ. ಬೂಷ್ಟು ಹಿಡಿದ ಪುಸ್ತಕವನ್ನು ಬೇರೆಯಾಗಿಟ್ಟು ಒಣಗಿಸದಿದ್ದರೆ ಅಕ್ಕಪಕ್ಕದವೂ ಹೋಗುತ್ತವೆ.

ಕೊಂಡ ಪುಸ್ತಕವನ್ನು ಎರವಲು ಕೊಡಲು ಕಾನೂನಿನ ತಡೆಯಿಲ್ಲ. 2012ರ ತಿದ್ದುಪಡಿಯ ನಂತರ ಭಾರತದ ಕೃತಿಸ್ವಾಮ್ಯ ಕಾಯಿದೆ, ಲಾಭದ ಉದ್ದೇಶವಿಲ್ಲದ ಗ್ರಂಥಾಲಯ ನ್ಯಾಯವಾಗಿ ಪಡೆದ ಸಿನಿಮಾ, ಸಂಗೀತದ ಪ್ರತಿಗಳನ್ನು ಲಾಭಕ್ಕಲ್ಲದೆ ಎರವಲು ಕೊಡುವುದನ್ನು ವಾಣಿಜ್ಯ ಬಾಡಿಗೆಯೆಂದು ಎಣಿಸುವುದಿಲ್ಲ. ಹೊಸ ಹಾಡಿನ ಪುಸ್ತಕವೊಂದನ್ನು ಕೊಂಡು ಐವತ್ತು ನಕಲು ತೆಗೆಸಿ ಹಂಚುವುದು ಮಾತ್ರ ಬೇರೆ ಮಾತು. ಅದಕ್ಕೆ ಹಕ್ಕುದಾರರ ಒಪ್ಪಿಗೆ ಬೇಕು.

ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳಿಗೆ 1965ರ ಕಾಯಿದೆಯಂತೆ ಆಸ್ತಿ ತೆರಿಗೆಯ ಮೇಲಿನ ಶೇ 6ರ ಕರವಿದೆ, ಹಳ್ಳಿಗಳಲ್ಲಿ ಅರಿವು ಕೇಂದ್ರಗಳಿವೆ. ಚರ್ಚಿನ ಕಪಾಟಿಗೆ ಅದರ ಪಾಲಿಲ್ಲ. ಸುಗ್ಗಿಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಯ ಬೆಲೆ ಪುಸ್ತಕಕ್ಕೆಂದು ಮೀಸಲಿಟ್ಟರೂ ಸಾಕು. ತೀರಿಕೊಂಡವರ ನೆನಪಿಗೆ, ಮಗುವಿನ ದೀಕ್ಷಾಸ್ನಾನದ ದಿನ, ಪಟ್ಟಿಯಲ್ಲಿನ ಒಂದು ಪುಸ್ತಕ ಕೊಡಿಸಿ ಒಳಪುಟದಲ್ಲಿ ಹೆಸರು ಬರೆಸುವ ಪದ್ಧತಿ ಹಾಕಿಕೊಂಡರೆ ವರ್ಷವಿಡೀ ಹೊಸ ಪುಸ್ತಕ ಬರುತ್ತದೆ.

ಹೊರಗಿನವರಿಗೂ ಕೊಡಬೇಕೆ? ಕ್ರಿ.ಶ. 258ರಲ್ಲಿ ರೋಮಿನಲ್ಲಿ ಹುತಾತ್ಮನಾದ ಧರ್ಮಸೇವಕ ಸಂತ ಲಾರೆನ್ಸ್‌ಗೆ ಸಭೆಯ ಸಂಪತ್ತು, ದಾಖಲೆಗಳ ಉಸ್ತುವಾರಿ ಇತ್ತೆಂಬ ನಂಬಿಕೆಯಿಂದ ಗ್ರಂಥಪಾಲಕರು ಅವನನ್ನು ತಮ್ಮ ಪಾಲಕ ಸಂತನೆನ್ನುತ್ತಾರೆ. ಅದೇ ಲಾರೆನ್ಸನ ಹೆಸರಿನ ಕಾರ್ಕಳ ಅತ್ತೂರಿನ ಬಸಿಲಿಕಾಕ್ಕೆ ಜನವರಿಯ ಹಬ್ಬದಲ್ಲಿ ಎಲ್ಲ ಮತದವರೂ ಬಂದು ಮೋಂಬತ್ತಿ ಹಚ್ಚುತ್ತಾರೆ. ಮೋಂಬತ್ತಿಗೆ ಇಲ್ಲದ ಬೇಲಿ ಪುಸ್ತಕಕ್ಕೂ ಬೇಡ. ಪಕ್ಕದ ಮನೆಯ ಶಾಲಾ ಹುಡುಗಿ ಯಾವ ಮತದವಳಾದರೂ ಅವಳಿಗೊಂದು ಟಿಕೆಟ್ಟು ಮಾಡಿಕೊಡುವುದರಿಂದ ಸಭೆ ಕಳೆದುಕೊಳ್ಳುವುದು ಹೆಚ್ಚೆಂದರೆ ಒಂದು ಪುಸ್ತಕ.

ಗ್ರಂಥಾಲಯ ಆರಂಭಿಸುವ ಯೋಚನೆಯಿರುವ ಧರ್ಮಕೇಂದ್ರಗಳು, ಸಭೆಗಳು ಕಟ್ಟಡ ನಿಧಿಗಾಗಿ ಕಾಯಬೇಕಿಲ್ಲ. ಮೊದಲು ಇರುವ ಕಪಾಟಿನ ಬೀಗ ತೆಗೆಸಿ, ಒಳಗಿರುವುದರ ಪಟ್ಟಿ ಮಾಡಿ. ಓದಲು ಯೋಗ್ಯವಾದ ನೂರು ಪುಸ್ತಕಗಳನ್ನು ಆರಿಸಿ, ಉಳಿದವನ್ನು ವಿಲೇವಾರಿ ಮಾಡಿ. ಮೂವರ ಸರದಿ ಬರೆದು ಸೂಚನಾಫಲಕಕ್ಕೆ ಹಾಕಿ, ಯಾವ ಹೊತ್ತಿಗೆ ತೆರೆದಿರುತ್ತದೆ ಎಂದು ಆರಾಧನೆಯ ಕೊನೆಯಲ್ಲಿ ಪ್ರಕಟಿಸಿ. ಮಳೆಯಿದ್ದರೂ ಹಬ್ಬವಿದ್ದರೂ ಒಂದು ವರ್ಷ ಆ ಹೊತ್ತು ತಪ್ಪಿಸಬೇಡಿ. ಹೊಸ ಕಪಾಟು ಬೇಕೆ ಎಂಬುದನ್ನು ಆ ವರ್ಷ ಕಳೆದ ಮೇಲೆ, ಎರವಲು ಹೋದ ಪುಸ್ತಕಗಳ ಎಣಿಕೆ ನೋಡಿ ತೀರ್ಮಾನಿಸಬಹುದು.